ಹೂಂ ಎನ್ನದ ಮನೆ

ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ‘ಊಟ ಆಯ್ತಾ’ ಎಂದು ಕೇಳುವಂತಿರಲಿಲ್ಲ. ‘ಏನು ತಿಂದೆ’ ಎಂದು ಕೇಳಬೇಕಿತ್ತು. ‘ಹೊಟ್ಟೆ ನೋವಾ’ ಎನ್ನುವ ಬದಲು ‘ಎಲ್ಲಿ ನೋವು, ಬೆರಳಿಟ್ಟು ತೋರಿಸು’ ಎನ್ನಬೇಕಿತ್ತು. ಇದು ಅವ್ವನ ಕಾನೂನು. ಅವ್ವ ಮಂಡ್ಯದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ‘ಹೂಂ’ ಎಂಬ ಉತ್ತರ ಸಾಕಾಗುವ ಪ್ರಶ್ನೆಯನ್ನು ಕಾಯಿಲೆಯವರಿಗೆ ಹಾಕಲೇಬಾರದು ಎನ್ನುತ್ತಿದ್ದಳು. ನಮ್ಮ ಕಡೆಯ ಹಿರಿಯರು ಬಿಳಿ ಬಟ್ಟೆ ಹಾಕಿದವರು ಏನು ಕೇಳಿದರೂ ಹೂಂ ಎನ್ನುತ್ತಾರಂತೆ. ಮಾತ್ರೆ ನುಂಗಿದಿರಾ ಎಂದರೆ ಹೂಂ, ನುಂಗಲಿಲ್ಲವಾ ಎಂದರೂ ಹೂಂ. ಓದಿದವರ ಮಾತಿಗೆ ಎದುರಾಡಬಾರದು ಎಂಬ ಮರ್ಯಾದೆ ಒಂದು ಕಡೆ, ಬೇಗ ಮನೆಗೆ ಕಳಿಸಿಯಾರು ಎಂಬ ಆಸೆ ಇನ್ನೊಂದು ಕಡೆ. ಈ ಕಾನೂನಿನ ಹಿಂದೆ ಏನೋ ದೊಡ್ಡ ಅನಾಹುತ ಇರಬೇಕೆಂದು ನಾನು ಬಹಳ ವರ್ಷ ಊಹಿಸಿಕೊಂಡಿದ್ದೆ. ದೊಡ್ಡವಳಾದ ಮೇಲೆ ಕೇಳಿದಾಗ ಅವ್ವ ನಕ್ಕುಬಿಟ್ಟಳು. ಅಂಥದ್ದೇನೂ ನಡೆದಿರಲಿಲ್ಲವಂತೆ. ಏನಾದರೂ ಆಗುವವರೆಗೆ ಯಾಕೆ ಕಾಯಬೇಕು ಎಂದಳು.

ಹನಕೆರೆಯಲ್ಲಿ ರೈಲು ನಿಲ್ದಾಣಕ್ಕೆ ಹತ್ತಿರದಲ್ಲೇ ನಮ್ಮ ಹೆಂಚಿನ ಮನೆ. ಒಂದರ ಹಿಂದೆ ಒಂದರಂತೆ ಹಜಾರ, ನಡುಮನೆ, ಅಡುಗೆಮನೆ, ಅದರಾಚೆ ಬಚ್ಚಲು. ರೈಲು ಹೋಗುವಾಗ ಗೋಡೆಗೆ ಒರಗಿಸಿಟ್ಟ ತಟ್ಟೆಗಳು ಜಣಜಣ ಎನ್ನುತ್ತಿದ್ದವು, ಮಾತನಾಡುತ್ತಿದ್ದವರು ತಡೆದು, ರೈಲು ದಾಟಿದ ಮೇಲೆ ಅದೇ ಮಾತಿನಿಂದ ಮುಂದುವರಿಸುತ್ತಿದ್ದರು. ಅವ್ವ ಸಂಜೆಯ ಪ್ಯಾಸೆಂಜರಿನಲ್ಲಿ ಇಳಿದು ಬಂದರೆ ಮುಂಬಾಗಿಲಲ್ಲಿ ಕಾಲಿಡುತ್ತಿರಲಿಲ್ಲ. ಹಿತ್ತಿಲಿಂದ ಬಂದು ನೇರ ಬಚ್ಚಲಿಗೆ ಹೋಗುತ್ತಿದ್ದಳು. ಅಜ್ಜಿ ಅಷ್ಟು ಹೊತ್ತಿಗೆ ಹಂಡೆಯಲ್ಲಿ ನೀರು ಕಾಯಿಸಿಟ್ಟು, ಸೀರೆ ತೆಗೆದಿಟ್ಟಿರುತ್ತಿದ್ದಳು. ಆಸ್ಪತ್ರೆ ಎಂದರೆ ಹುಟ್ಟು ಸಾವು ಎರಡೂ ನಡೆಯುವ ಜಾಗ, ಮೈಲಿಗೆ, ಮಿಂದೇ ಒಳಗೆ ಬರಬೇಕು ಎಂಬುದು ಅಜ್ಜಿಯ ಲೆಕ್ಕ. ವಾರ್ಡಿನ ಕಾಯಿಲೆ ಮನೆಯ ಮಕ್ಕಳಿಗೆ ಅಂಟಬಾರದು ಎಂಬುದು ಅವ್ವನದು. ಇಬ್ಬರೂ ಅದೇ ನೀರಿಗೆ ತಮ್ಮ ತಮ್ಮ ಕಾರಣ ಇಟ್ಟುಕೊಂಡಿದ್ದರು, ಒಬ್ಬರದನ್ನು ಇನ್ನೊಬ್ಬರು ತಿದ್ದಲು ಹೋಗಲಿಲ್ಲ. ಆ ಮನೆಯ ಶಾಂತಿಗೆ ಇದೂ ಒಂದು ಆಧಾರವಾಗಿತ್ತು ಎಂದು ಈಗ ಅನ್ನಿಸುತ್ತದೆ.

ಔಷಧಿ ನಡುಮನೆಯ ಗೋಡೆಗೂಡಿನಲ್ಲಿ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿರುತ್ತಿತ್ತು. ಅಲ್ಲಿಂದ ಏನನ್ನು ತೆಗೆದರೂ ಕೊಡುವ ಮೊದಲು ಅವ್ವ ಹೆಸರು ಕೇಳುತ್ತಿದ್ದಳು. ತನ್ನ ಹೊಟ್ಟೆಯಲ್ಲಿ ಹುಟ್ಟಿದ ನನ್ನನ್ನೂ ಕೇಳುತ್ತಿದ್ದಳು. ಒಂದು ಸಲ ಕೆಮ್ಮಿನ ಸಿರಪ್ಪು ಚಮಚಕ್ಕೆ ಹಾಕಿ ನಿನ್ನ ಹೆಸರೇನು ಎಂದಾಗ ನಾನು ತಮಾಷೆಗೆ ನಮ್ಮ ಹಸುವಿನ ಹೆಸರು ಹೇಳಿದೆ, ಗೌರಿ ಎಂದು. ಅವ್ವ ನಗಲಿಲ್ಲ. ‘ಗೌರಿಗೆ ಕೆಮ್ಮಿಲ್ಲ’ ಎಂದು ಚಮಚ ತೊಳೆದಿಟ್ಟು ಅಡುಗೆಮನೆಗೆ ಹೋದಳು. ನಾನು ಹಿಂದೆಯೇ ಓಡಿ ಹೆಸರು, ಅಪ್ಪನ ಹೆಸರು, ಕ್ಲಾಸು ಎಲ್ಲ ಒಪ್ಪಿಸಿದ ಮೇಲೆ ಸಿರಪ್ಪು ಸಿಕ್ಕಿತು. ತಾತನಂತೂ ಇದನ್ನು ಆಟ ಮಾಡಿಕೊಂಡಿದ್ದ. ಸೊಸೆ ಮಾತ್ರೆ ತಂದು ಮುಂದೆ ನಿಂತರೆ, ಪಂಚಾಯ್ತಿಯಲ್ಲಿ ಸಾಕ್ಷಿ ಹೇಳುವವನಂತೆ ಎದ್ದು ನಿಂತು, ಹೆಸರು ಮರೀಗೌಡ, ಸ್ವಂತ ಊರು ಹನಕೆರೆ, ಕಸುಬು ಬೇಸಾಯ, ಸೊಸೆ ಕಾಟ ತಡೆಯೋಕಾಗ್ತಿಲ್ಲ ಸ್ವಾಮಿ ಎನ್ನುತ್ತಿದ್ದ.

ಇಷ್ಟೆಲ್ಲ ಬರೆಯುವಾಗ ನನಗೇ ಒಂದು ಅನುಮಾನ. ನಾನು ಮೈಸೂರಿನಲ್ಲಿ ಮನಃಶಾಸ್ತ್ರ ಓದಿದವಳು, ಅದನ್ನೇ ಪಾಠ ಮಾಡಿದವಳು. ದಿನಚರಿ ಬರೆಯುವ ಅಭ್ಯಾಸ ಹಿಡಿದದ್ದೇ ನೆನಪನ್ನು ನಂಬಲಾರದೆ. ನೆನಪು ಕೂಡ ನಮ್ಮೂರ ಹಿರಿಯರ ಹಾಗೆಯೇ. ‘ಅವತ್ತು ಮಳೆ ಬರ್ತಿತ್ತು, ಅಲ್ವಾ?’ ಎಂದರೆ ಹೂಂ ಎನ್ನುತ್ತದೆ, ‘ಬಿಸಿಲಿತ್ತಲ್ವಾ?’ ಎಂದರೂ ಹೂಂ ಎನ್ನುತ್ತದೆ. ಮುಂದೆ ಹೇಳಲಿರುವ ಮಳವಳ್ಳಿಯ ಸಂಗತಿ ನನ್ನ ಕಣ್ಣಿಗೆ ಕಟ್ಟಿದಂತಿದೆ. ಬೆಂಚು, ಸಾಲಾಗಿ ಕೂತ ಮುದುಕರು, ಅಜ್ಜಿಯ ಹಸಿರು ಸೀರೆ, ಎಲ್ಲ ಕಾಣುತ್ತದೆ. ಆದರೆ ನಾನು ಅಲ್ಲಿರಲಿಲ್ಲ. ಅಂದು ನಾನು ಶಾಲೆಯಲ್ಲಿದ್ದೆ. ಹಾಗಾಗಿ ಅದನ್ನು ಅಜ್ಜಿ ಹೇಳಿದ್ದು, ತಾತ ಹೇಳಿದ್ದು, ಅವರಿಬ್ಬರನ್ನೂ ಅವ್ವ ಬೇರೆ ಬೇರೆ ಕೂರಿಸಿಕೊಂಡು ಕೇಳಿದ್ದು, ಇವುಗಳಲ್ಲಿ ತಾಳೆಯಾದಷ್ಟನ್ನೇ ಬರೆಯುತ್ತೇನೆ. ಹಸಿರು ಸೀರೆಯನ್ನು ಬಿಟ್ಟುಬಿಡುತ್ತೇನೆ.

ತಾತನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಬಲಗಣ್ಣಿನದು ಬಲಿತು ಏನೂ ಕಾಣುತ್ತಿರಲಿಲ್ಲ. ಎಡಗಣ್ಣಿನದು ಇನ್ನೂ ಎಳೆಯದು, ಅವನು ಹಾದಿ ಕಂಡು ಓಡಾಡುತ್ತಿದ್ದದ್ದು ಅದರಿಂದ. ಜೊತೆಗೆ ಕಿವಿ ಮಂದ. ಮಳವಳ್ಳಿಯ ಕಲ್ಯಾಣ ಮಂಟಪವೊಂದರಲ್ಲಿ ಕಣ್ಣಿನ ಶಿಬಿರ ನಡೆಯುತ್ತದೆಂದು ತಿಳಿದು ಅಪ್ಪ ಹೆಸರು ಬರೆಸಿ ಬಂದ. ಆದರೆ ಆ ದಿನ ಅಪ್ಪನಿಗೆ ಮದ್ದೂರಿನ ಅವನ ಶಾಲೆಯಲ್ಲಿ ಪರೀಕ್ಷೆ ಕೆಲಸ. ಅವ್ವನಿಗೆ ರಜೆ ಸಿಗಲಿಲ್ಲ, ವಾರ್ಡಿನಲ್ಲಿ ಇಬ್ಬರು ಹೆರಿಗೆ ರಜೆಯಲ್ಲಿದ್ದರು. ಅಪ್ಪ ಬೆಳಿಗ್ಗೆ ಕರೆದುಕೊಂಡು ಹೋಗಿ ಕೂರಿಸಿ ಬರುವುದು, ಮಾರನೆಯ ದಿನ ಹೋಗಿ ಕರೆತರುವುದು, ಉಳಿದಂತೆ ಜೊತೆಗೆ ಅಜ್ಜಿ ಎಂದು ತೀರ್ಮಾನವಾಯಿತು. ಅವ್ವನ ನಿದ್ದೆ ಹಾರಿದ್ದು ಆಗ. ಅಂಥ ಕಡೆ ಒಂದೇ ಥರದ ಬಟ್ಟೆ ಹಾಕಿದ ಮುದುಕರು ಸಾಲಾಗಿ ಕೂತಿರುತ್ತಾರೆ, ಒಬ್ಬರದು ಬಲಗಣ್ಣು, ಪಕ್ಕದವರದು ಎಡಗಣ್ಣು. ಕಾಣುವ ಒಂದು ಕಣ್ಣಿಗೆ ತಪ್ಪಿ ಕೈಹಾಕಿ ಏನಾದರೂ ಹೆಚ್ಚುಕಡಿಮೆಯಾದರೆ ತಾತನಿಗೆ ಹಾದಿಯೇ ಇಲ್ಲ. ಯಾರಾದರೂ ಕೇಳಿದಾಗ ಇವರು ಇಂಥವರು, ಇಂಥ ಕಣ್ಣು ಎಂದು ಬಾಯಿಬಿಟ್ಟು ಹೇಳುವವರು ಜೊತೆಗಿರಬೇಕು. ಜೊತೆಗಿರುವುದು ಅಜ್ಜಿ. ಅಜ್ಜಿ ಗಂಡನ ಹೆಸರು ಹೇಳುವವಳಲ್ಲ.

ಹೇಳುವುದಿಲ್ಲ ಎಂದರೆ ಸುಮ್ಮನೆ ಅಲ್ಲ. ಆ ಹೆಸರಿನಲ್ಲಿರುವ ‘ಮರಿ’ ಎಂಬ ಚೂರು ಕೂಡ ಅವಳ ಬಾಯಲ್ಲಿ ಬರುತ್ತಿರಲಿಲ್ಲ. ಲೋಕವೆಲ್ಲ ಕುರಿಮರಿ ಎಂದರೆ ನಮ್ಮಜ್ಜಿ ಕುರಿಕೂಸು ಎನ್ನುತ್ತಿದ್ದಳು. ಬೀದಿಯ ನಾಯಿ ಈದಾಗ ‘ನಾಯಿಕೂಸು’ಗಳನ್ನು ನೋಡಲು ನಮ್ಮನ್ನು ಕರೆದಳು. ನಾನು ಶಾಲೆಯಲ್ಲಿ ಹಾಗೆಯೇ ಬರೆದು ಮೇಷ್ಟ್ರ ಕೈಲಿ ನಗಿಸಿಕೊಂಡಿದ್ದೆ. ಶಿಬಿರಕ್ಕೆ ಮುಂಚಿನ ಒಂದು ವಾರ ರಾತ್ರಿಯೂಟವೆಂದರೆ ಅವ್ವನ ತಾಲೀಮು. ಮುದ್ದೆ, ಹುರುಳಿ ಬಸ್ಸಾರು ತಟ್ಟೆಗೆ ಬೀಳುತ್ತಿದ್ದಂತೆ ನಾನು ನರ್ಸು, ತಾತ ಕಾಯಿಲೆಯವನು, ಅಜ್ಜಿ ಜೊತೆಗೆ ಬಂದವಳು. ನನ್ನ ನೆನಪಿನಲ್ಲಿ ಈ ತಾಲೀಮಿನ ಹೊತ್ತಿಗೆ ಅವ್ವ ಬಿಳಿ ಸೀರೆಯಲ್ಲೇ ಇದ್ದಾಳೆ. ಅದು ಸುಳ್ಳಿರಬೇಕು, ಬಚ್ಚಲಿಗೆ ಹೋಗದೆ ಅವಳು ಊಟಕ್ಕೆ ಬಂದದ್ದೇ ಇಲ್ಲ. ಮಾತು ಮಾತ್ರ ಸುಳ್ಳಲ್ಲ, ದಿನವೂ ಅದೇ ನಡೆಯುತ್ತಿತ್ತು.

“ಅತ್ತೆ, ಇವರ ಹೆಸರೇನು ಅಂತ ಕೇಳ್ತಾರೆ. ಏನಂತೀರಿ?”

“ಅವ್ರನ್ನೇ ಕೇಳ್ಕೊಳ್ಳಿ ಅಂತೀನಿ.”

“ಮಾವಂಗೆ ಕೇಳಿಸ್ದೆ ಹೂಂ ಅಂದ್ಬುಟ್ರೆ?”

“ನರ್ಸಮ್ಮನ ಮಾವ ಅಂತ ಯೋಳ್ತೀನಿ.”

“ಅದು ಅವರ ಹೆಸರಲ್ಲ ಅತ್ತೆ.”

“ಅಷ್ಟು ಯೋಳುದ್ರೆ ಜಿಲ್ಲೇಗೆಲ್ಲ ಗೊತ್ತಾಯ್ತದೆ ಬುಡವ್ವ.”

ತಾತನಿಗೆ ಕಿವಿ ಮಂದವಾದರೂ ಇಂಥ ಮಾತು ಹೇಗೋ ಕೇಳುತ್ತಿತ್ತು. ಮದುವೆಯಾಗಿ ಬಂದ ದಿನ ಹೊಸಿಲ ಮೇಲೆ ನಿಲ್ಲಿಸಿ ಗಂಡನ ಹೆಸರು ಹೇಳು ಎಂದು ಹೆಂಗಸರೆಲ್ಲ ಗಂಟುಬಿದ್ದರೂ ಇವಳು ತುಟಿ ಎರಡು ಮಾಡಲಿಲ್ಲ, ನನಗೆ ಹಸಿವಾಗಿ ನಾನೇ ಒಳಗೆ ಬುಡ್ರವ್ವ ಅಂದೆ ಎಂದು ಹೇಳಿದ. ಅಜ್ಜಿ ಅವನ ತಟ್ಟೆಗೆ ಇನ್ನೊಂದು ಸೌಟು ಬಸ್ಸಾರು ಬಡಿಸಿ, ತಿನ್ನೋದು ನೋಡ್ಕೊಳ್ಳಿ ಎಂದಳು. ಒಂದು ಸಂಜೆ ಅವ್ವನಿಗೆ ನಿಜಕ್ಕೂ ಸಿಟ್ಟು ಬಂತು. ಕಣ್ಣು ದೊಡ್ಡದೋ ಹಟ ದೊಡ್ಡದೋ ಎಂದಳು. ಅಜ್ಜಿ, ನಾನು ಇಷ್ಟು ವರ್ಷ ಇವರನ್ನು ಕಾದಿಲ್ಲವಾ, ನೀನು ಬಂದ ಮೇಲೆಯೇ ಇವರು ಬದುಕಿರೋದಾ ಎಂದಳು. ಆ ರಾತ್ರಿ ರೈಲು ಹೋದ ಮೇಲೂ ಮಾತು ಮುಂದುವರಿಯಲಿಲ್ಲ. ಬೆಳಿಗ್ಗೆ ನೋಡಿದರೆ ಅಜ್ಜಿ ಕಾಡಿಗೆ ಡಬ್ಬಿ ಹಿಡಿದು ಕೂತು ತಾತನ ಬಲಗಣ್ಣಿನ ಹುಬ್ಬಿನ ಮೇಲೆ ಬೊಟ್ಟು ಇಡುತ್ತಿದ್ದಳು. ಹೆಸರು ಬೇಡ, ಕಣ್ಣಿಗೆ ಗುರುತಿದ್ದರೆ ಸಾಕಲ್ಲ ಎಂಬುದು ಅವಳ ರಾಜಿ. ಆಪರೇಷನ್ನಿಗೆ ಮುಂಚೆ ಹೀಗೆ ಗುರುತು ಹಾಕುವ ಪದ್ಧತಿ ಇದೆ ಎಂದು ಅವ್ವ ಸಂತೋಷದಿಂದಲೇ ಒಪ್ಪಿದಳು. ಹೊರಡುವ ದಿನ ಬೊಟ್ಟು ಇಟ್ಟುಕೊಂಡ ತಾತ ದೃಷ್ಟಿಬೊಟ್ಟಿನ ಮಗುವಿನ ಹಾಗೆ ಬಸ್ಸು ಹತ್ತಿದ.

ಮಂಟಪದಲ್ಲಿ ಮೊದಲ ಕೆಲಸವೇ ಎಲ್ಲರೂ ಸೋಪು ಹಾಕಿ ಮುಖ ತೊಳೆಯುವುದು. ಬೊಟ್ಟು ಅಲ್ಲೇ ಹೋಯಿತು. ಅಪ್ಪ ಅಷ್ಟು ಹೊತ್ತಿಗೆ ಮದ್ದೂರಿನ ಬಸ್ಸು ಹಿಡಿದಿದ್ದ. ಬೆಂಚಿನ ಮೇಲೆ ತಾತನ ಪಕ್ಕ ಬಸರಾಳು ಕಡೆಯ ಸಿದ್ದೇಗೌಡ ಎಂಬೊಬ್ಬರು ಕೂತಿದ್ದರು. ಕಬ್ಬಿನ ಮಾತು ಶುರುವಾಗಿ, ತಾತನಿಗೆ ಅರ್ಧ ಕೇಳಿಸಿ, ಉಳಿದರ್ಧ ಅವನೇ ಊಹಿಸಿಕೊಂಡು, ಇಬ್ಬರೂ ಹಳೆಯ ಸ್ನೇಹಿತರಾಗಿಬಿಟ್ಟಿದ್ದರು. ಸಿದ್ದೇಗೌಡರು ಬೀಡಿ ಸೇದಲು ಆಚೆ ಹೋದರು. ಅದೇ ಹೊತ್ತಿಗೆ ಎಳೆ ವಯಸ್ಸಿನ ನರ್ಸೊಬ್ಬಳು ಬಂದು ಕೈಯಲ್ಲಿದ್ದ ಚೀಟಿ ನೋಡಿ ‘ಸಿದ್ದೇಗೌಡ’ ಎಂದು ಗಟ್ಟಿಯಾಗಿ ಕೂಗಿದಳು. ತಾತ ‘ಹೂಂ’ ಎಂದ. ಅವ್ವ ಹೆದರಿದ್ದ ಹೂಂ ಇದಲ್ಲ. ಅವನಿಗೆ ಸರಿಯಾಗಿಯೇ ಕೇಳಿಸಿತ್ತು. ಡೈರಿಯ ಹಾಲಿನ ಸಾಲಿನಲ್ಲಿ, ರೇಷನ್ ಅಂಗಡಿಯ ಸಾಲಿನಲ್ಲಿ, ಪಕ್ಕದವನು ಎದ್ದುಹೋಗಿದ್ದಾಗ ಅವನ ಹೆಸರು ಕೂಗಿದರೆ ಅವನ ಪರವಾಗಿ ಹೂಂ ಎನ್ನುವುದು ನಮ್ಮ ಕಡೆ ಒಂದು ಕರ್ತವ್ಯ. ಇಲ್ಲದಿದ್ದರೆ ಅವನ ಸರದಿ ತಪ್ಪಿಹೋಗುತ್ತದೆ. ಸ್ನೇಹಿತನ ಸರದಿ ಉಳಿಸಿ ತಾತ ಹಾಯಾಗಿ ಕೂತ. ನರ್ಸು ಸಿದ್ದೇಗೌಡರ ಎಡಗಣ್ಣಿಗೆಂದು ತಾತನ ಎಡಹುಬ್ಬಿನ ಮೇಲೆ ಒಂದು ತುಂಡು ಪ್ಲಾಸ್ಟರ್ ಅಂಟಿಸಿ, ಕಣ್ಣಿನ ಪಾಪೆ ಅರಳಿಸುವ ಹನಿಯ ಸೀಸೆ ತೆರೆದಳು.

ಅಜ್ಜಿ ಕೂತಲ್ಲಿಂದ ಎದ್ದು ತನ್ನ ಅಂಗೈಯನ್ನು ತಾತನ ಎಡಗಣ್ಣಿನ ಮೇಲೆ ಇಟ್ಟುಬಿಟ್ಟಳಂತೆ.

“ಅವ್ರಲ್ಲ ಕಣವ್ವ ಇವ್ರು.”

“ಮತ್ತೆ ಯಾರಮ್ಮ?”

“ನಮ್ಮನೇರು.”

“ಇಲ್ಲಿರೋರೆಲ್ಲ ಯಾರೋ ಒಬ್ಬರ ಮನೇರೇ ಅಲ್ವೇನಮ್ಮ. ಹೆಸರು ಹೇಳಿ.”

ಅಜ್ಜಿ ಸುಮ್ಮನಾದಳು. ಇಲ್ಲಿಂದ ಕತೆ ಎರಡಾಗುತ್ತದೆ. ತಾತನ ಪ್ರಕಾರ ಅವಳು ಬಹಳ ಹೊತ್ತು ನಿಂತಳು, ಬೆವರಿದಳು. ಅಜ್ಜಿಯ ಪ್ರಕಾರ ಹಾಗೇನೂ ಇಲ್ಲ, ಉಸಿರು ತೆಗೆದುಕೊಂಡೆ ಅಷ್ಟೆ. ಒಳಗಿನಿಂದ ಯಾರೋ ಬೇಗ ಕಳಿಸಿ ಎಂದು ಕೂಗುತ್ತಿದ್ದರು, ಬೆಂಚು ಉದ್ದಕ್ಕಿತ್ತು ಎಂಬುದನ್ನು ಇಬ್ಬರೂ ಒಪ್ಪುತ್ತಾರೆ. ನರ್ಸು ಸೀಸೆ ಹಿಡಿದ ಕೈಯನ್ನು ಕೆಳಗಿಳಿಸಿದಳು ಎಂಬುದನ್ನೂ ಒಪ್ಪುತ್ತಾರೆ. ಅವ್ವ ಈ ಕತೆಯನ್ನು ಹೇಳಿಸುವಾಗಲೆಲ್ಲ ಇಲ್ಲಿ ತಡೆದು, ಆ ಹುಡುಗಿ ಏನು ಮಾಡಿದಳು ಎಂದು ಮತ್ತೆ ಕೇಳುತ್ತಿದ್ದಳು. ಅಷ್ಟು ಜನ ಕಾಯುತ್ತಿರುವಾಗ, ಬೇಗ ಬೇಗ ಎಂದು ಒಳಗಿನಿಂದ ಕೂಗುತ್ತಿರುವಾಗ, ಒಬ್ಬ ಮುದುಕಿ ಸುಮ್ಮನಾದಳೆಂದು ಕೈ ಇಳಿಸುವುದಿದೆಯಲ್ಲ, ಅದನ್ನು ಯಾರೂ ಕಲಿಸಿಕೊಡಲಾರರು ಎನ್ನುತ್ತಿದ್ದಳು. ಹೆಸರು ತಿಳಿಯದ ಆ ಹುಡುಗಿಯನ್ನು ಅವ್ವ ಕೊನೆಯವರೆಗೂ ತನ್ನ ಜೊತೆ ಕೆಲಸ ಮಾಡಿದವಳ ಹಾಗೆ ಮೆಚ್ಚಿಕೊಂಡು ಮಾತನಾಡಿದಳು. ಕೈ ಇಳಿದದ್ದನ್ನು ನೋಡಿ ಅಜ್ಜಿಗೂ ಧೈರ್ಯ ಬಂದಿರಬೇಕು.

“ನಾನು ಯೋಳಕಿಲ್ಲ ಕಣವ್ವ. ನೀನು ಅವ್ರನ್ನೇ ಕೇಳು. ಸಿದ್ದೇಗೌಡ್ರಾ ಅಂತ ಕೇಳ್ಬ್ಯಾಡ, ಹೂಂ ಅಂದ್ಬುಡ್ತಾರೆ. ನಿಮ್ಮೆಸ್ರೇನು ಅಂತ ಕೇಳು. ಕಿವಿತಾವ ಬಗ್ಗಿ ಕೇಳು.”

ನರ್ಸು ಸೀಸೆಯ ಮುಚ್ಚಳ ಹಾಕಿ, ಮಂಡಿಯೂರಿ ಕೂತು, ತಾತನ ಕಿವಿಯ ಹತ್ತಿರ ಕೇಳಿದಳು.

“ನಾನಾ? ನಾನು ಮರೀಗೌಡ ಕಣಮ್ಮ. ಸಿದ್ದೇಗೌಡ ಬೀಡಿ ಸೇದೋಕೆ ಓಗವ್ನೆ, ಈಗ ಬತ್ತಾನೆ. ಪಾಪ, ಅವನ ಸರದಿ ತಪ್ಪಿಸ್ಬುಟ್ಟೀಯೆ.”

ಬೆಂಚಿನ ಉದ್ದಕ್ಕೂ ನಗು ಹರಿಯಿತಂತೆ. ನರ್ಸಿಗೆ ಮೊದಲು ನಗು ಬರಲಿಲ್ಲ, ಕಣ್ಣು ತುಂಬಿಕೊಂಡಿತು ಎಂದು ಅಜ್ಜಿ ಹೇಳುತ್ತಿದ್ದಳು. ಆಮೇಲೆ ಆ ಹುಡುಗಿ ಬೆಂಚಿನ ಈ ತುದಿಯಿಂದ ಆ ತುದಿಯವರೆಗೆ ಮತ್ತೊಮ್ಮೆ ಹೋಗಿ ಒಬ್ಬೊಬ್ಬರ ಕಿವಿಯ ಹತ್ತಿರವೂ ಬಗ್ಗಿ ಹೆಸರು, ಊರು, ಕಣ್ಣು ಕೇಳಿಕೊಂಡು ಬಂದಳು. ತಾತನ ಹುಬ್ಬಿನ ಪ್ಲಾಸ್ಟರ್ ಕಿತ್ತಾಗ ನಾಲ್ಕು ಕೂದಲೂ ಕಿತ್ತುಬಂದವು. ಇಡೀ ಆಪರೇಷನ್ನಿನಲ್ಲಿ ನೋವಾದದ್ದು ಅದೊಂದೇ ಎಂದು ತಾತ ಕೊನೆಯವರೆಗೂ ದೂರುತ್ತಿದ್ದ.

ಮಾರನೆಯ ಸಂಜೆಯದು ನಾನು ಕಣ್ಣಾರೆ ಕಂಡದ್ದು. ಅಪ್ಪ ಕರೆತಂದ ತಾತ ಕಪ್ಪು ಕನ್ನಡಕ ಹಾಕಿಕೊಂಡು ಹಜಾರದಲ್ಲಿ ದೊಡ್ಡ ಮನುಷ್ಯನಂತೆ ಕೂತಿದ್ದ. ಬೀದಿಯವರೆಲ್ಲ ಬಂದು ನೋಡಿ ಹೋಗುತ್ತಿದ್ದರು. ರೈಲು ಇಳಿದ ಅವ್ವ ಅಂದು ಹಿತ್ತಿಲ ಕಡೆ ಹೋಗಲೇ ಇಲ್ಲ. ಬಿಳಿ ಸೀರೆಯಲ್ಲೇ ಮುಂಬಾಗಿಲಿಗೆ ಬಂದು, ಕೈಚೀಲವನ್ನು ಜಗಲಿಯ ಮೇಲೆ ಹಾಕಿ, ಹೊಸಿಲಾಚೆಯೇ ನಿಂತಳು. ಕಪ್ಪು ಗಾಜಿನ ಹಿಂದೆ ಯಾವ ಕಣ್ಣು ಎಂದು ಕಾಣುವ ಹಾಗಿರಲಿಲ್ಲ.

“ಬಲಗಣ್ಣೇ ತಾನೆ ಅತ್ತೆ?”

ಅಜ್ಜಿ ಒಲೆಯ ಮುಂದಿನಿಂದ ಎದ್ದು ಬಂದು ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು.

“ಹಂಗೆ ಕೇಳ್ಬಾರ್ದು ಕಣವ್ವ. ಹೂಂ ಅಂದ್ಬುಡ್ತೀನಿ.”

ಅವ್ವ ಬಾಗಿಲಲ್ಲೇ ಕುಸಿದು ಕೂತು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ ಎಂದು ಬರೆಯಬೇಕೆನಿಸುತ್ತದೆ, ನೋಡಿದ್ದಿರಬಹುದು. ಆಮೇಲೆ ಎದ್ದು ಹೋಗಿ ಕೈತೊಳೆದು ಬಂದು, ಎರಡೂ ಕೈಯಿಂದ ಕನ್ನಡಕ ಎತ್ತಿ ನೋಡಿದಳು. ಬಲಗಣ್ಣು ಕೆಂಪಗಿತ್ತು. ಎಡಗಣ್ಣು ಎಂದಿನಂತೆ ಅವಳನ್ನು ನೋಡಿ ತುಂಟತನ ಮಾಡುತ್ತಿತ್ತು. ಬಚ್ಚಲಿಗೆ ಹೋಗವ್ವ, ನೀರು ಆರ್ತದೆ ಎಂದು ಅಜ್ಜಿ ಗದರಿದಳು.

ಹನಿ ಹಾಕುವುದು ಹಲವು ವಾರ ನಡೆಯಿತು. ಬೆಳಿಗ್ಗೆ, ಸಂಜೆ ಅವ್ವ ಹಾಕುತ್ತಿದ್ದಳು. ಅವಳು ಕೆಲಸಕ್ಕೆ ಹೋದಾಗ ಅಜ್ಜಿಯ ಪಾಳಿ. ಕೈತೊಳೆಯುವುದು, ಕೆಳರೆಪ್ಪೆ ಮೆಲ್ಲಗೆ ಎಳೆಯುವುದು, ಸೀಸೆಯ ಮೂತಿ ಕಣ್ಣಿಗೆ ತಾಗದಂತೆ ನೋಡಿಕೊಳ್ಳುವುದು, ಎಲ್ಲವನ್ನೂ ಅವ್ವ ಹೇಳಿಕೊಟ್ಟಳು. ಹೆಸರು ಕೇಳುವುದನ್ನು ಮಾತ್ರ ಒತ್ತಾಯಿಸಲಿಲ್ಲ. ಅದರ ಬಗ್ಗೆ ಅತ್ತೆ ಸೊಸೆಯರ ನಡುವೆ ಮತ್ತೆ ಮಾತೇ ಬರಲಿಲ್ಲ. ಅಜ್ಜಿಯೇ ತಾನಾಗಿ ‘ನಿಮ್ಮೆಸ್ರೇನು’ ಎಂದು ಕೇಳತೊಡಗಿದಳು. ತಾತ ದಿನಕ್ಕೊಂದು ಹೆಸರು ಹೇಳುತ್ತಿದ್ದ, ಹೆಚ್ಚಾಗಿ ಸಿದ್ದೇಗೌಡ. ಹಾಗಾದ್ರೆ ಬೀಡಿ ಸೇದೋಕೋಗಿ ಎಂದು ಅಜ್ಜಿ ಸೀಸೆ ಮುಚ್ಚಿ ಎದ್ದುಹೋಗುವಳು, ಅವನು ನಿಜ ಹೇಳಿದ ಮೇಲೆ ಬರುವಳು.

ಹೊಸ ಕನ್ನಡಕ ಬಂದ ದಿನ ಶಾಲೆಗೆ ರಜೆ, ನಾನು ಮನೆಯಲ್ಲೇ ಇದ್ದೆ. ಮಧ್ಯಾಹ್ನದ ಊಟ ಮುಗಿದಿತ್ತು. ತಾತ ಜಗಲಿಯ ಮೇಲೆ ಕೂತು ಕನ್ನಡಕ ಹಾಕಿಕೊಂಡು ಬೀದಿ, ಎದುರು ಮನೆಯ ಹೆಂಚು, ರೈಲು ಕಂಬಿಯಾಚೆಯ ಗದ್ದೆ, ನನ್ನ ಲಂಗದ ಹೂವು, ಎಲ್ಲವನ್ನೂ ಹೊಸದಾಗಿ ನೋಡುತ್ತಿದ್ದ. ಅಜ್ಜಿ ಕೈ ಒರೆಸಿಕೊಳ್ಳುತ್ತಾ ಸೀಸೆ ಹಿಡಿದು ಬಂದು ಅವನ ಮುಂದೆ ನಿಂತಳು. ತಾತ ಕತ್ತೆತ್ತಿ ಅವಳ ಮುಖವನ್ನೇ ನೋಡಿದ. ನೋಡುತ್ತಲೇ ಇದ್ದ. ಎಷ್ಟು ವರ್ಷದಿಂದ ಅವನಿಗೆ ಆ ಮುಖ ಮಸುಕಾಗಿತ್ತೋ ನನಗೆ ಗೊತ್ತಿಲ್ಲ. ಆಮೇಲೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಕೇಳಿದ.

“ಯಾರವ್ವ ನೀನು? ಎಸ್ರೇಳ್ದೆ ಕಣ್ಣು ಮುಟ್ಟುಸ್ಕೊಳ್ಳಕಿಲ್ಲ, ನಮ್ಮನೇಲಿ ಕಾನೂನು.”

ಅಜ್ಜಿ ಅತ್ತ ಇತ್ತ ನೋಡಿದಳು. ಬೀದಿಯಲ್ಲಿ ಯಾರೂ ಇರಲಿಲ್ಲ. ನನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

“ಮರೀಗೌಡ್ರ ಎಂಡ್ರು. ಕಣ್ ಬುಡಿ.”

ಹನಿ ಕಣ್ಣಿಗೆ ಬೀಳದೆ ಕೆನ್ನೆಗೆ ಬಿತ್ತು. ತಾತ ನಗುತ್ತಿದ್ದ, ತಲೆ ನಿಲ್ಲುತ್ತಿರಲಿಲ್ಲ. ಎರಡನೆಯದೂ ಕೆನ್ನೆಗೇ ಬಿತ್ತು. ಔಷಧಿ ದಂಡ ಮಾಡ್ತೀರಿ ಎಂದು ಬೈಯುತ್ತಾ ಅಜ್ಜಿ ಅವನ ಗಲ್ಲ ಹಿಡಿದು, ಮೂರನೆಯದನ್ನು ಕಣ್ಣಿಗೇ ಬೀಳಿಸಿದಳು.